ರಂಗನತಿಟ್ಟಿನ ತೀರದಲ್ಲಿ

ಶ್ರೀರಂಗಪಟ್ಟಣದಿಂದ ಸುಮಾರು ೩ ಕಿಲೋಮೀಟರು ದೂರದಲ್ಲಿ, ಕಾವೇರಿಯ ಮಡಿಲಲ್ಲಿ ಹರಡಿರುವ ನಡುಗಡ್ಡೆಗಳ ಗುಂಪೇ ರಂಗನತಿಟ್ಟು. ತೀರದುದ್ದಕ್ಕೂ ಸಾಗುವ ಸಮತಟ್ಟಾದ ಹಾದಿಗೆ ಬಿದಿರುಮೆಳೆಗಳ, ಹಿರಿಮರಗಳ ನೆರಳುಂಟು. ಅಜ್ಜನ ಕೈಹಿಡಿದು ನಡೆವ ಮೊಮ್ಮಗುವಿಗೂ ಆಯಾಸವೆನಿಸದು.

ಇಲ್ಲಿಯ ಚೆಲುವಿನಲ್ಲಿ ಮನುಷ್ಯನ ಪಾಲೂ ಇದೆ. ೧೭ನೆಯ ಶತಮಾನದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದಲೇ ಈ ತಿಟ್ಟುಗಳು ರೂಪುಗೊಂಡವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು ೧೯೪೦ರಲ್ಲಿ ಇದನ್ನು ಪಕ್ಷಿಧಾಮವೆಂದು ಸಾರಿತು. ೨೦೨೨ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗುನೆಲೆಯೂ ಇದೇ.

ಚಳಿಗಾಲ ಕಾಲಿಟ್ಟಿತೆಂದರೆ ಬಣ್ಣದ ಕೊಕ್ಕರೆ, ಚಮಚಕೊಕ್ಕು, ನೀರುಕಾಗೆಗಳು ಕೊಂಬೆಕೊಂಬೆಗಳಲ್ಲಿ ಸಂಸಾರ ಹೂಡತೊಡಗುತ್ತವೆ. ಮಕ್ಕಳು ಬಂಡೆಯೆಂದು ಬೆರಳಿಟ್ಟು ತೋರಿದ್ದು, ಬಾಯ್ದೆರೆದು ಬಿಸಿಲು ಕಾಯುತ್ತಿರುವ ಮೊಸಳೆಯಾಗಿರಬಹುದು! ಅದಕ್ಕೆಂದೇ ನೀರಿಗಿಳಿಯುವ ಮಾತು ಇಲ್ಲಿ ಸಲ್ಲದು.

ಹಕ್ಕಿಗಳಿಗೆ ಸುತ್ತಲಿನ ನೀರೇ ಕೋಟೆ. ನೆಲದ ಶತ್ರುಗಳು ಗೂಡಿನ ಬಳಿ ಸುಳಿಯಲಾರವು. ಆದರೆ ಮೇಲಣ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಹರಿದುಬಂದಾಗ ಆ ಕೋಟೆಯೇ ವೈರಿಯಾಗಿ ತಗ್ಗಿನ ಗೂಡುಗಳನ್ನು ಮುಳುಗಿಸುತ್ತದೆ, ತಿಟ್ಟುಗಳ ಮಣ್ಣನ್ನು ಕೊರೆಯುತ್ತದೆ, ದೋಣಿವಿಹಾರವೂ ನಿಲ್ಲುತ್ತದೆ. ಹೊಲಕ್ಕೆ, ಊರಿಗೆ, ಹಕ್ಕಿಗೆ ಒಂದೇ ಹೊಳೆ ಸಾಲಬೇಕು.

ನೋಡಲು ಬೆಳಗಿನ ಹೊತ್ತು ಪ್ರಶಸ್ತ. ಬುತ್ತಿಯ ಕಾಗದವನ್ನು ಮರಳಿ ಒಯ್ದು, ದನಿ ತಗ್ಗಿಸಿ ನಡೆಯುವ ಸಂಸಾರವನ್ನು ಆ ಸಂಸಾರಗಳು ಅಂಜದೆ ಬರಮಾಡಿಕೊಳ್ಳುತ್ತವೆ.