ಅಗ್ನಿಯ ನಾಮಗಳೂ ನಮ್ಮ ಅಡುಗೆಮನೆಯೂ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, ಈಗ ವಿಶ್ರಾಂತರಾಗಿ ಮನೆಯಲ್ಲಿರುವವರು ನಾವು. ಅಮರಕೋಶದಲ್ಲಿ ಅಗ್ನಿಗೆ ಮೂವತ್ತಕ್ಕೂ ಹೆಚ್ಚು ಹೆಸರುಗಳುಂಟು. ಅವುಗಳನ್ನು ತಡವರಿಸದೆ ಒಪ್ಪಿಸಿದ ವಿದ್ಯಾರ್ಥಿಗೆ ನಾವು ಬಹುಮಾನ ಕೊಡುತ್ತಿದ್ದೆವು. ತರ್ಕದ ಮೊದಲ ಪಾಠದಲ್ಲಿ, ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವ ಕ್ರಮವನ್ನು ವಿವರಿಸುವಾಗ, ದೃಷ್ಟಾಂತಕ್ಕೆ ಅಡುಗೆಮನೆಯನ್ನು ಹೇಳುವುದು ಶಾಸ್ತ್ರಕಾರರ ಸಂಪ್ರದಾಯ. ಆ ಅಡುಗೆಮನೆಯನ್ನು ನಾವು ಕರಿಹಲಗೆಯ ಮುಂದೆ ನಿಂತು ಎಷ್ಟು ಸಾರಿ ವರ್ಣಿಸಿದೆವೋ ಲೆಕ್ಕವಿಲ್ಲ. ಇಂತಹ ನಾವು ನಮ್ಮ ಮನೆಯ ಅಡುಗೆಮನೆಯಲ್ಲಿಯೇ ಹೊಗೆ ಎದ್ದಾಗ ಹೇಗೆ ನಡೆದುಕೊಂಡೆವೆಂಬುದನ್ನು ಹೇಳಿಕೊಳ್ಳುವುದು ಲಜ್ಜಾಸ್ಪದವೇ ಸರಿ. ಆದರೂ ನಮ್ಮ ಲಜ್ಜೆಯಿಂದ ನಾಲ್ಕು ಮನೆಗಳಿಗೆ ಕ್ಷೇಮವಾಗುವುದಾದರೆ ಅದನ್ನು ಮುಚ್ಚಿಡತಕ್ಕದ್ದಲ್ಲ.

ಕಳೆದ ಗೋಕುಲಾಷ್ಟಮಿಯ ಹಿಂದಿನ ದಿನ. ನಮ್ಮ ಗೃಹಿಣಿಯವರು ಚಕ್ಕುಲಿ ಕರಿಯಲೆಂದು ಬಾಣಲೆಯಲ್ಲಿ ಎಣ್ಣೆಯನ್ನು ಕಾಯಲಿಟ್ಟಿದ್ದರು. ಅಷ್ಟರಲ್ಲಿ ನೆರೆಮನೆಯವರು ಬಾಗಿಲಲ್ಲಿ ನಿಂತು ಕರೆದರು. “ಎಣ್ಣೆ ಕಾಯುತ್ತಿದೆ, ಸ್ವಲ್ಪ ನೋಡಿಕೊಳ್ಳಿ” ಎಂದು ನಮಗೆ ಹೇಳಿ ಅವರು ಹೊರಗೆ ಹೋದರು. ನಾವು “ಆಗಲಿ” ಎಂದೆವು. ಕಣ್ಣನ್ನು ಮಾತ್ರ ವೃತ್ತಪತ್ರಿಕೆಯಿಂದ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಘಾಟು ಮೂಗಿಗೆ ಬಡಿಯಿತು. ಧೂಮದಿಂದ ವಹ್ನಿಯನ್ನು ಅನುಮಾನಿಸುವುದನ್ನು ಊರ ಮಕ್ಕಳಿಗೆಲ್ಲ ಕಲಿಸಿದ ನಾವು, ಒಗ್ಗರಣೆಯ ಘಾಟಿರಬೇಕೆಂದು ಪುಟವನ್ನು ತಿರುವಿದೆವು. ಗೋಡೆಯ ಮೇಲೆ ಕೆಂಪು ಬೆಳಕು ಕುಣಿದಾಗ ಎದ್ದು ಓಡಿದೆವು. ಬಾಣಲೆಯ ಮೇಲೆ ಮೊಳದುದ್ದದ ಜ್ವಾಲೆ ನಿಂತಿತ್ತು.

ನಮ್ಮ ಕೈ ತಾನಾಗಿಯೇ ಕುಡಿಯುವ ನೀರಿನ ಕೊಡವನ್ನು ಎತ್ತಿಕೊಂಡಿತು. ಬೆಂಕಿಗೆ ನೀರು ಶತ್ರುವೆಂಬುದು ಬಾಲ್ಯದಿಂದ ಬಂದ ಸಂಸ್ಕಾರ. ಇನ್ನೇನು ಸುರಿಯಬೇಕು, ಅಷ್ಟರಲ್ಲಿ ನಮ್ಮ ಸೊಸೆ ಒಳಕೋಣೆಯಿಂದ ಓಡಿಬಂದು, “ಮಾವ, ನೀರು ಬೇಡ! ನೀರು ಹಾಕಬೇಡಿ!” ಎಂದು ಕೂಗಿ ನಮ್ಮ ತೋಳನ್ನು ಹಿಡಿದುಕೊಂಡಳು. ಮದುವೆಯಾಗಿ ಬಂದ ಏಳು ವರ್ಷಗಳಲ್ಲಿ ಆಕೆ ನಮ್ಮೆದುರು ದನಿ ಎತ್ತಿದ್ದು ಅದೇ ಮೊದಲು. ಬಳಿಕ ಒಲೆಯ ತಿರುಪನ್ನು ಆರಿಸಿ, ದೊಡ್ಡ ತಪ್ಪಲೆಯ ಮುಚ್ಚಳವನ್ನು ಗುರಾಣಿಯಂತೆ ಮುಂದೆ ಹಿಡಿದು, ತನ್ನ ಕಡೆಯಿಂದ ಆಚೆಗೆ ಜಾರಿಸುತ್ತ ಬಾಣಲೆಯ ಮೇಲೆ ಮುಚ್ಚಿದಳು. ಉರಿ ಅಡಗಿತು. ಹಿಂತಿರುಗಿ ನೋಡಿದರೆ, ನಾಲ್ಕು ವರ್ಷದ ನಮ್ಮ ಮೊಮ್ಮಗನು ನಮ್ಮ ಪಂಚೆಯ ಅಂಚನ್ನು ಹಿಡಿದುಕೊಂಡು ಹಿಂದೆಯೇ ನಿಂತಿದ್ದನು.

ನೀರು ಸುರಿದಿದ್ದರೆ ಆಗುತ್ತಿದ್ದುದೇನೆಂಬುದನ್ನು ಆಕೆ ಆ ಸಂಜೆ ನಮಗೆ ತಿಳಿಸಿದಳು. ಆಕೆಯ ಕಚೇರಿಯಲ್ಲಿ ಅಗ್ನಿಶಾಮಕ ದಳದವರು ಬಂದು ಅಭ್ಯಾಸ ಮಾಡಿಸಿದ್ದರಂತೆ. ಕರಿಯುವ ಎಣ್ಣೆಯ ಹದ ಸುಮಾರು 180 ಡಿಗ್ರಿ. ಅದಕ್ಕೂ ಬಹಳ ಮೇಲೇರಿ, 350 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ಕಿಡಿ ಸೋಕದೆಯೇ ಹೊತ್ತಿಕೊಳ್ಳುತ್ತದೆ. ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕೆ ಇಳಿಯುತ್ತದೆ. ಇಳಿದ ಕ್ಷಣದಲ್ಲಿಯೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯು ಉರಿಯುವ ಎಣ್ಣೆಯನ್ನು ಸಣ್ಣ ಹನಿಗಳನ್ನಾಗಿ ಒಡೆದು ಮೇಲಕ್ಕೆ ಎರಚುತ್ತದೆ; ಒಂದೊಂದು ಹನಿಗೂ ಸುತ್ತಲಿಂದ ಗಾಳಿ ದೊರೆತು, ಮಾಡನ್ನು ಮುಟ್ಟುವ ಬೆಂಕಿಯ ಗೋಳವೇ ಏಳುತ್ತದೆ. ಒಂದು ಕೊಡ ನೀರಿನಿಂದ ನಾವು ನಮ್ಮನ್ನೂ, ಸೊಸೆಯನ್ನೂ, ಹಿಂದೆ ನಿಂತಿದ್ದ ಕೂಸನ್ನೂ ಸುಡುತ್ತಿದ್ದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ನಿದ್ರೆಯಿಲ್ಲದೆ ಮಲಗಿದಾಗ, ಬಾಯಿಪಾಠದ ಹೆಸರುಗಳೇ ಒಂದೊಂದಾಗಿ ಎದುರಿಗೆ ಬಂದುವು. ಆಶ್ರಯಾಶನೆಂದರೆ ತನಗೆ ಆಶ್ರಯವಾದುದನ್ನೇ ತಿನ್ನುವವನು. ವಾಯುಸಖನೆಂದರೆ ಗಾಳಿಯ ಗೆಳೆಯನು. ಅನಲನೆಂದರೆ, ಎಷ್ಟು ತಿಂದರೂ ‘ಅಲಂ’, ಸಾಕು, ಎನ್ನದವನೆಂದು ವ್ಯಾಖ್ಯಾನಕಾರರ ನಿರ್ವಚನ. ಕೃಷ್ಣವರ್ತ್ಮನೆಂದರೆ ನಡೆದ ದಾರಿಯನ್ನು ಕಪ್ಪಾಗಿಸುವವನು. ಪೂರ್ವಿಕರು ರಸಾಯನಶಾಸ್ತ್ರವನ್ನೆಲ್ಲ ಬಲ್ಲವರಾಗಿದ್ದರೆಂದು ಜಂಬ ಕೊಚ್ಚುವುದು ನಮ್ಮ ಅಭಿಪ್ರಾಯವಲ್ಲ. ಉರಿಯುವುದೆಂದರೆ ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡುವುದೆಂಬುದನ್ನು ತೂಕ ಹಾಕಿ ಸಾಧಿಸಿದವನು 18ನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಫ್ರಾನ್ಸ್ ದೇಶದ ಲವಾಸಿಯೇ. ಆದರೆ ನಮ್ಮ ಹಿರಿಯರು ಒಲೆಯ ಮುಂದೆ ಕುಳಿತು ಕಣ್ಣಿಟ್ಟು ನೋಡಿ ಹೆಸರಿಟ್ಟರು. ನಾವು ನೋಡದೆ ಹೆಸರನ್ನು ಮಾತ್ರ ಒಪ್ಪಿಸಿದೆವು. ಪುಸ್ತಕದ ಬದನೆಕಾಯಿ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ಅಗ್ನಿಶಾಮಕ ಶಾಸ್ತ್ರದ ಮೂಲಸೂತ್ರವು ಸರಳವಾದುದು. ಇಂಧನ, ಉಷ್ಣ, ಆಮ್ಲಜನಕ ಈ ಮೂರು ಕೂಡಿದ ಕಡೆ ಬೆಂಕಿಯುಂಟಾಗುತ್ತದೆ, ಇದನ್ನು ಅಗ್ನಿತ್ರಿಕೋನವೆನ್ನುವರು. ಒಮ್ಮೆ ಹೊತ್ತಿದ ಮೇಲೆ, ಉರಿಯ ಕಾವೇ ಇನ್ನಷ್ಟು ಇಂಧನವನ್ನು ಆವಿಯಾಗಿಸಿ, ಜ್ವಾಲೆಯೊಳಗೆ ಒಂದು ಕ್ರಿಯೆಯು ಮತ್ತೊಂದನ್ನು ಹುಟ್ಟಿಸುತ್ತ ಹೋಗುತ್ತದೆ. ಈ ಸರಪಳಿಯೇ ಬೆಂಕಿಯ ನಾಲ್ಕನೆಯ ಅಂಗ. ಅನಲನ ಸಾಕೆನ್ನದ ಹಸಿವೂ ಇದೇ. ನಾಲ್ಕರಲ್ಲಿ ಒಂದನ್ನು ತೆಗೆದರೂ ಬೆಂಕಿ ಉಳಿಯದು. ಒಲೆಯಿಂದ ಕೊಳ್ಳಿಯನ್ನು ಹಿರಿದರೆ ಇಂಧನ ತಪ್ಪಿತು. ಮುಚ್ಚಳವನ್ನೋ ಮರಳನ್ನೋ ಹಾಕಿದರೆ ಉಸಿರು ಕಟ್ಟಿತು. ನೀರೆರೆದರೆ ಉಷ್ಣ ಇಳಿಯಿತು. ಗೋಡೆಗೆ ತೂಗುಹಾಕುವ ಕೆಂಪು ಸಿಲಿಂಡರಿನ ಪುಡಿಯನ್ನು ಚಿಮ್ಮಿಸಿದರೆ ಸರಪಳಿ ಕಡಿಯಿತು. ಯಾವ ಬೆಂಕಿಗೆ ಯಾವ ಅಂಗವನ್ನು ಕಡಿಯಬೇಕೆಂಬ ವಿವೇಕವೇ ಶಾಸ್ತ್ರದ ಸಾರ.

ನಾವು ಮರುವಾರ ಊರಿನ ಅಗ್ನಿಶಾಮಕ ಠಾಣೆಗೆ ಹೋಗಿ ಅಲ್ಲಿಯ ಅಧಿಕಾರಿಗಳೊಬ್ಬರನ್ನು ಕಂಡೆವು. ನಮ್ಮ ಕಥೆಯನ್ನು ಕೇಳಿ ಅವರು ನಗಲಿಲ್ಲ. “ಮೇಷ್ಟ್ರೇ, ಬೆಂಕಿ ಎಂದು ಕರೆ ಬಂದ ಕೂಡಲೇ ನಾವು ಕೇಳುವ ಪ್ರಶ್ನೆ, ಏನು ಉರಿಯುತ್ತಿದೆ ಎಂಬುದು” ಎಂದರು. ಕಟ್ಟಿಗೆ, ಬಟ್ಟೆ, ಕಾಗದಗಳದು ಎ ವರ್ಗ. ಇದಕ್ಕೆ ನೀರೇ ಉತ್ತಮ. ಸೀಮೆಎಣ್ಣೆ, ಪೆಟ್ರೋಲುಗಳಂತಹ ದ್ರವಗಳದು ಬಿ ವರ್ಗ. ಇದಕ್ಕೆ ನೊರೆಯೋ ಪುಡಿಯೋ ಬೇಕು. ಅನಿಲಗಳದು ಸಿ ವರ್ಗ. ಇಲ್ಲಿ ಕವಾಟವನ್ನು ಮುಚ್ಚಿ ಅನಿಲವನ್ನು ನಿಲ್ಲಿಸುವುದೇ ಮುಖ್ಯ. ಮೆಗ್ನೀಸಿಯಂ ಮುಂತಾದ ಲೋಹಗಳದು ಡಿ ವರ್ಗ. ಅಡುಗೆಯ ಎಣ್ಣೆಯ ಬೆಂಕಿಯನ್ನು ಯೂರೋಪಿನಲ್ಲಿ ಎಫ್ ಎಂದೂ ಅಮೆರಿಕದಲ್ಲಿ ಕೆ ಎಂದೂ ಪ್ರತ್ಯೇಕವಾಗಿಯೇ ಎಣಿಸುತ್ತಾರೆ. ವಿದ್ಯುತ್ತಿನ ತಂತಿ ಹೊತ್ತಿದರೆ ಮೊದಲು ಮೈನ್ ಸ್ವಿಚ್ಚನ್ನು ಆರಿಸಬೇಕು. ಅದಕ್ಕೆ ಮುಂಚೆ ನೀರನ್ನು ಮುಟ್ಟಕೂಡದು.

ಅವರು ತಿಳಿಸಿದ ಇನ್ನೊಂದು ಸಂಗತಿ ನಮಗೆ ಹೊಸದು. ಜ್ವಾಲೆಯಲ್ಲಿ ಉರಿಯುವುದು ಕಟ್ಟಿಗೆಯೂ ಅಲ್ಲ, ಎಣ್ಣೆಯೂ ಅಲ್ಲ. ಕಾವಿಗೆ ಅವುಗಳಿಂದ ಹೊರಟ ಆವಿ. ಫ್ಯಾರಡೆ ಎಂಬ ವಿಜ್ಞಾನಿಯು 1860ರ ಚಳಿಗಾಲದಲ್ಲಿ ಲಂಡನ್ನಿನಲ್ಲಿ ಬಾಲಕರಿಗೆ ಮೋಂಬತ್ತಿಯ ವಿಷಯವಾಗಿ ಉಪನ್ಯಾಸಗಳನ್ನು ಮಾಡಿದಾಗ ಇದನ್ನು ಕಣ್ಣಿಗೆ ಕಾಣಿಸಿದನು. ನಾವೂ ಪರೀಕ್ಷಿಸಿ ನೋಡಿದೆವು. ಮೋಂಬತ್ತಿಯನ್ನು ಆರಿಸಿದೊಡನೆ ಬಿಳಿಯ ಎಳೆಯಂತೆ ಹೊಗೆ ಏಳುತ್ತದಷ್ಟೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ ಆ ಎಳೆಗೆ ಹಿಡಿದರೆ, ಜ್ವಾಲೆಯು ಅದರ ಮೂಲಕವೇ ಇಳಿದು ಬತ್ತಿಯನ್ನು ಸೇರುತ್ತದೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಬಲ್ಲಷ್ಟು ಆವಿಯನ್ನು ಬಿಡುತ್ತದೆ. ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ ಬೇಕು. ಈ ಮಟ್ಟಕ್ಕೆ ಫ್ಲ್ಯಾಶ್ ಪಾಯಿಂಟ್ ಎಂದು ಹೆಸರು. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ಹೊಂಚುಹಾಕುತ್ತದೆ. ಆದುದರಿಂದ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಒತ್ತದೆ, ಕಿಟಕಿ ಬಾಗಿಲುಗಳನ್ನು ತೆರೆದು, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಹೊರಗೆ ಬಂದು 1906ಕ್ಕೆ ತಿಳಿಸತಕ್ಕದ್ದು.

ಇನ್ನು ಕೃಷ್ಣವರ್ತ್ಮನ ವಿಷಯ. ಪೂರ್ಣವಾಗಿ ಉರಿಯದೆ ಉಳಿದ ಇಂಧನವೇ ಹೊಗೆ. ಹಸಿಯ ಕಟ್ಟಿಗೆಯಿದ್ದರೆ ಮಾತ್ರ ಬೆಂಕಿಯಿಂದ ಹೊಗೆ ಏಳುತ್ತದೆ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ ಎಂದು ತಾರ್ಕಿಕರು ಹೇಳುವ ಮಾತಿನ ತಿರುಳು ನಮಗೆ ಈಗ ಹತ್ತಿತು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವಿರುತ್ತದೆ. ಬೆಂಕಿಯ ಅನಾಹುತಗಳಲ್ಲಿ ಸುಡುವುದಕ್ಕೆ ಮೊದಲೇ ಹೊಗೆಯಿಂದ ಪ್ರಾಣ ಬಿಡುವವರು ಬಹುಮಂದಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಹೊಗೆ ತುಂಬಿಕೊಂಡಾಗ ಒಂಬತ್ತು ಮಂದಿ ಮೃತರಾದರು. ಕೆಲವರು ಉಸಿರಾಡಲಾರದೆ ಕಿಟಕಿಗಳಿಂದ ಧುಮುಕಿದರು. ಹೊಗೆಯು ಮೇಲೇರಿ ಮಾಡಿನ ಕೆಳಗೆ ನಿಲ್ಲುವುದರಿಂದ, ಅದರಲ್ಲಿ ಸಿಕ್ಕಿಕೊಂಡವರು ನೆಲಕ್ಕೆ ಬಗ್ಗಿ ತೆವಳುತ್ತ ಹೊರಬರಬೇಕು. ಮಾಡಿನ ಕೆಳಗಿನ ಆ ಹೊಗೆ ಸುಮಾರು 500ರಿಂದ 600 ಡಿಗ್ರಿಗೆ ಕಾದರೆ, ಕೋಣೆಯಲ್ಲಿರುವ ಸಕಲ ವಸ್ತುಗಳೂ ಏಕಕಾಲದಲ್ಲಿ ಧಗ್ಗನೆ ಹೊತ್ತಿಕೊಳ್ಳುವುವು, ಇದು ಫ್ಲ್ಯಾಶ್‌ಓವರ್. ಮುಚ್ಚಿದ ಕೋಣೆಯಲ್ಲಿ ಗಾಳಿ ತೀರಿ ಬೆಂಕಿ ಮಂಕಾಗಿ ಕಾದಿರುವಾಗ ಯಾರಾದರೂ ಬಾಗಿಲು ತೆರೆದರೆ, ವಾಯುಸಖನಿಗೆ ಮಿತ್ರನು ಮರಳಿ ದೊರೆತು ಸಿಡಿಲಿನಂತೆ ಹೊರಕ್ಕೆ ನುಗ್ಗುವನು, ಇದು ಬ್ಯಾಕ್‌ಡ್ರಾಫ್ಟ್. ಅಂದು ನಮ್ಮ ಗೃಹಿಣಿಯವರು ಹಿಂತಿರುಗಿ ಬಂದು ಬಾಣಲೆಯ ಮುಚ್ಚಳವನ್ನು ತೆಗೆಯಹೋದಾಗ, “ಅತ್ತೆ, ಪೂರ್ತಿ ಆರುವವರೆಗೆ ಮುಟ್ಟಬೇಡಿ” ಎಂದು ಸೊಸೆ ತಡೆದುದರ ಕಾರಣವೂ ಇಂತಹುದೇ. ಎಣ್ಣೆ ಇನ್ನೂ ಕಾದಿರುವಾಗ ಗಾಳಿ ಸೋಕಿದರೆ ಅದು ಮತ್ತೆ ಹೊತ್ತುತ್ತದೆ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದೂ ಅಷ್ಟೇ ಅಪಾಯಕರ.

ಠಾಣೆಯಿಂದ ಹೊರಡುವಾಗ ಅಧಿಕಾರಿಗಳು ಏಪ್ರಿಲ್ 14ರ ಮಾತನ್ನೆತ್ತಿದರು. 1944ರ ಆ ದಿನ ಮುಂಬಯಿಯ ಬಂದರಿನಲ್ಲಿ, ಹತ್ತಿಯ ಬೇಲುಗಳನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ತುಂಬಿದ್ದ ಫೋರ್ಟ್ ಸ್ಟೈಕೀನ್ ಎಂಬ ಹಡಗಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ನಂದಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯಲ್ಲಿ 66 ಮಂದಿ ಮಡಿದರು. ಅವರ ನೆನಪಿಗಾಗಿಯೇ ದೇಶದಲ್ಲೆಲ್ಲ ಆ ದಿನವನ್ನು ಆಚರಿಸುತ್ತಾರೆ. ಎಲ್ಲರೂ ಹೊರಕ್ಕೆ ಓಡುವಾಗ ಒಳಕ್ಕೆ ಹೋಗತಕ್ಕ ಈ ಜನರ ಪ್ರಾಣವು, ನಮ್ಮಂತಹವರ ಅಜಾಗರೂಕತೆಗೆ ಬೆಲೆಯಾಗಬಾರದಷ್ಟೆ.

ಈಗ ನಮ್ಮ ಒಲೆಯ ಪಕ್ಕದಲ್ಲಿ ಬಾಣಲೆಗೆ ಸರಿಹೋಗುವ ಮುಚ್ಚಳವೊಂದು ಯಾವಾಗಲೂ ಇರುತ್ತದೆ. ಬಾಗಿಲ ಬಳಿ ಕೆಂಪು ಸಿಲಿಂಡರು ತೂಗುತ್ತದೆ. ಗೋಡೆಯ ಮೇಲೆ 101, 112 ಎಂಬ ಅಂಕೆಗಳನ್ನು ನಾವೇ ದಪ್ಪಕ್ಷರದಲ್ಲಿ ಬರೆದಿದ್ದೇವೆ. ಗೃಹಿಣಿಯವರು ಹೊರಗೆ ಹೋಗಬೇಕಾದಾಗ “ಎಣ್ಣೆ ನೋಡಿಕೊಳ್ಳಿ” ಎಂದು ನಮಗೆ ಹೇಳುವುದನ್ನು ಬಿಟ್ಟಿದ್ದಾರೆ. ಒಲೆಯನ್ನು ಆರಿಸಿಯೇ ಹೋಗುತ್ತಾರೆ. ಅದು ನಮಗೆ ತಕ್ಕ ಶಿಕ್ಷೆಯೂ ಹೌದು, ಒಳ್ಳೆಯ ಪದ್ಧತಿಯೂ ಹೌದು. ಮೊಮ್ಮಗನಿಗೆ ಅಗ್ನಿಯ ಹೆಸರುಗಳನ್ನು ಹೇಳಿಕೊಡಲು ತೊಡಗಿದ್ದೇವೆ. ಆದರೆ ಒಂದೊಂದು ಹೆಸರಿನ ಅರ್ಥವನ್ನು ಅವನು ತನ್ನ ಮಾತಿನಲ್ಲಿ ಹೇಳಿದ ಮೇಲೆಯೇ ಮುಂದಿನ ಹೆಸರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದರು. ಬಾವಿ ತುಂಬಿದ್ದರೂ ಸಾಲದು, ನೀರೆಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಮೊದಲೇ ತಿಳಿದಿರಬೇಕೆಂದು ನಾವು ಸೇರಿಸುತ್ತೇವೆ. ವಾಚಕ ಮಹಾಶಯರ ಮನೆಗಳಲ್ಲಿ ಅಗ್ನಿಯು ಒಲೆಯಲ್ಲಿಯೂ ದೀಪದಲ್ಲಿಯೂ ಮಾತ್ರ ಬೆಳಗಲಿ.