ಆರುವ ಮುಂಚೆ ಆರಿಸಬೇಡಿ

ನಾವು ಡ್ರೈವರುಗಳು. ನಮ್ಮ ಜೇಬಿನಲ್ಲಿರುವುದು ಇನ್ನೊಬ್ಬರ ಗಾಡಿಯ ಕೀ. ಆ ಗಾಡಿ ಎಷ್ಟು ಲಕ್ಷದ್ದು ಅಂತ ಧಣಿಗೆ ಗೊತ್ತು. ಅದರ ಇಂಜಿನ್ನು ಯಾವಾಗ ಏದುಸಿರು ಬಿಡುತ್ತೆ, ಯಾವಾಗ ಸಮಾಧಾನಕ್ಕೆ ಬರುತ್ತೆ ಅಂತ ಗೊತ್ತಿರೋದು ನಮಗೆ. ಈ ತಿಳುವಳಿಕೆಗೆ ಯಾವ ಕಾಲೇಜೂ ಸರ್ಟಿಫಿಕೇಟು ಕೊಡುವುದಿಲ್ಲ. ಕೊಡದಿದ್ದರೆ ಬೇಡ. ಆದರೆ ತಿಳಿದವನ ಮಾತನ್ನು ತಳ್ಳಿಹಾಕಿ, ಆಮೇಲೆ ಯಂತ್ರ ಕೆಟ್ಟಾಗ ಆ ಪಾಪವನ್ನು ಅವನ ತಲೆಗೇ ಕಟ್ಟುತ್ತಾರಲ್ಲ, ಅದರ ಬಗ್ಗೆ ಮಾತಾಡದೆ ಇರೋಕಾಗಲ್ಲ.

ಈಗ ನಾವು ಓಡಿಸುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಟರ್ಬೊ ಇದೆ. 2005ರಲ್ಲಿ ಇನ್ನೋವಾ ಬಂದ ಮೇಲಂತೂ ಟ್ಯಾಕ್ಸಿಯವರ ಬಾಯಲ್ಲೆಲ್ಲ ಇದೇ ಹೆಸರು. ಟರ್ಬೊ ಅಂದರೆ ಏನು? ಕುಲುಮೆಯ ತಿದಿ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ತಿದಿ ಒತ್ತಿದರೆ ಮಂಕಾಗಿದ್ದ ಕೆಂಡ ಧಗಧಗ ಅನ್ನುತ್ತೆ. ಗಾಳಿ ಹೆಚ್ಚು ಸಿಕ್ಕರೆ ಉರಿ ಹೆಚ್ಚು. ಊರಿನ ಕುಲುಮೆಯ ತಿದಿಗೆ ಚರ್ಮ ಹದ ಮಾಡಿ ಕೊಟ್ಟವರು ನಮ್ಮ ಕೇರಿಯವರೇ. ಇಂಜಿನ್ನಿನೊಳಗೆ ತಿದಿ ಒತ್ತೋಕೆ ಆಳಿಲ್ಲ. ಸೈಲೆನ್ಸರಿಗೆ ಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತೆ. ಅದೇ ಷಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತೆ. ಬಿಸಾಕುವ ಹೊಗೆಯಿಂದಲೂ ದುಡಿಮೆ ತೆಗೆಯುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರು ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟು ಹಾಕಿದ. 1962ರಲ್ಲಿ ಅಮೆರಿಕದ ಪೆಟ್ರೋಲು ಕಾರುಗಳಿಗೆ, 1978ರಲ್ಲಿ ಮರ್ಸಿಡಿಸ್‌ನ ಡೀಸೆಲ್ ಕಾರಿಗೆ ಅದು ಬಂತು.

ಇಂಜಿನ್ನು ನಿಮಿಷಕ್ಕೆ ಎರಡು ಸಾವಿರ, ಮೂರು ಸಾವಿರ ಸುತ್ತು ತಿರುಗಿದರೆ ಟರ್ಬೊದ ಷಾಫ್ಟು ಲಕ್ಷ ಸುತ್ತು ದಾಟುತ್ತೆ. ಸಣ್ಣ ಟರ್ಬೊ ಆದರೆ ಎರಡು ಲಕ್ಷ. ಅದು ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿಕೊಂಡು ತಿರುಗುವುದಿಲ್ಲ. ಬೇರಿಂಗಿಗೂ ಷಾಫ್ಟಿಗೂ ನಡುವೆ ತೆಳ್ಳಗೆ ಹರಿಯುವ ಆಯಿಲ್ಲಿನ ಮೇಲೆ ತೇಲುತ್ತೆ. ಆ ಆಯಿಲ್ಲೇ ಅದರ ಜೀವ. ಆಯಿಲ್ಲನ್ನು ತಳ್ಳುವ ಪಂಪು ಓಡುವುದು ಇಂಜಿನ್ನು ಓಡುತ್ತಿರುವ ತನಕ ಮಾತ್ರ. ಇಷ್ಟು ತಿಳಿದರೆ ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತೆ.

ನಮ್ಮ ಮಾತಿನಲ್ಲಿ ‘ಕಾಯುವುದು’ ಅಂದರೆ ಬಿಸಿಯಾಗುವುದೂ ಹೌದು, ಇನ್ನೊಬ್ಬರ ದಾರಿ ನೋಡುತ್ತಾ ನಿಲ್ಲುವುದೂ ಹೌದು. ಎರಡೂ ನಮಗೆ ರೂಢಿ. ಮಾರಿಹಬ್ಬದ ದಿನ ಗುಡಿ ಮುಂದೆ ನಿಲ್ಲುವ ಮುಂಚೆ ನಮ್ಮ ದೊಡ್ಡಪ್ಪಂದಿರು ತರಗು, ಹುಲ್ಲು ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸೋರು. ಊರ ಗೌಡ ಅತ್ತ ಕಡೆಯಿಂದ, “ಲೇ, ಇನ್ನೂ ಎಷ್ಟು ಹೊತ್ರೋ, ಬಡೀರೋ” ಅಂತ ಕೂಗೋನು. ಇವರು ತಲೆ ಎತ್ತುತ್ತಿರಲಿಲ್ಲ. ಬೆರಳಿನಿಂದ ಟಣ್ ಅಂತ ಒಂದು ಸಲ ಮುಟ್ಟಿ, ಕಿವಿಗೆ ಹಿಡಿದು, ಮತ್ತೆ ಬೆಂಕಿಗೆ ಒಡ್ಡೋರು. ಕಾಯದ ತಮಟೆ ಬಡಿದರೆ ಸೊಲ್ಲಿಲ್ಲ. ಅತಿ ಕಾದರೆ ಚರ್ಮ ಸೀಳುತ್ತೆ. ಹದ ಗೊತ್ತಿದ್ದದ್ದು ಬಡಿಯುವವನಿಗೆ. ಕೂಗುವವನಿಗಲ್ಲ.

ಬೆಳಗ್ಗೆ ನಾಲ್ಕು ಗಂಟೆಗೆ ಏರ್‌ಪೋರ್ಟ್ ಟ್ರಿಪ್ಪು ಅಂದರೆ ಇದೇ ಕೂಗು. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಗಾಡಿ. ಆಯಿಲ್ಲು ಇಳಿದು ತಳದಲ್ಲಿ ಕೂತಿರುತ್ತೆ, ಮಂದವಾಗಿರುತ್ತೆ. ಕೀ ತಿರುಗಿಸಿದ ಮೇಲೆ ಅದು ಟರ್ಬೊ ತನಕ ಹತ್ತೋಕೆ ಕೆಲವು ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಬುರ್ ಅಂತ ಆಕ್ಸಿಲರೇಟರ್ ತುಳಿದರೆ ಷಾಫ್ಟು ಒಣಗಿದ ಗಂಟಲಲ್ಲಿ ಓಡುತ್ತೆ. ಅರ್ಧ ನಿಮಿಷ ಸುಮ್ಮನೆ ಬಿಡಬೇಕು. ಆಮೇಲೆ ಮೆಲ್ಲಗೆ ಹೊರಡಬೇಕು. ಕೆಲವರು ಹತ್ತು ನಿಮಿಷ ನಿಂತಲ್ಲೇ ಓಡಿಸುತ್ತಾರೆ. ಅದೂ ತಪ್ಪು ತಿಳುವಳಿಕೆಯೇ. ನಿಂತಲ್ಲಿ ಡೀಸೆಲ್ ಇಂಜಿನ್ನು ಬೇಗ ಕಾಯುವುದಿಲ್ಲ. ಎಣ್ಣೆ ಪೂರಾ ಉರಿಯದೆ ಮಸಿ ಕಟ್ಟುತ್ತೆ. ಓಡುತ್ತಾ ಕಾಯಬೇಕು, ಆದರೆ ಮೆಲ್ಲಗೆ. ನೀರಿನ ಮುಳ್ಳು ನಡುವಿಗೆ ಬಂತು ಅಂತ ತುಳಿಯಲೂಬಾರದು. ಆಯಿಲ್ಲು ಕಾಯುವುದು ನೀರಿಗಿಂತ ತಡ. ಇನ್ನೂ ಐದಾರು ಕಿಲೋಮೀಟರು ತಾಳ್ಮೆ ಇದ್ದರೆ ಸಾಕು. ಹಿಂದಿನ ಸೀಟಿನಿಂದ, “ಏನಯ್ಯಾ, ಎತ್ತಿನಗಾಡಿ ಹೊಡೀತಿದೀಯಾ?” ಅಂತ ಬರುತ್ತೆ. ಹೂಂ ಸಾರ್, ಎತ್ತಿಗೂ ಮೊದಲ ಸಾಲಿನಲ್ಲೇ ಬಾರುಕೋಲು ಎತ್ತಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದಾನೆ ಅಂತ ನಾವು ಮನಸಿನಲ್ಲೇ ಅಂದುಕೊಳ್ಳುತ್ತೇವೆ.

ಕಾಯಿಸುವುದಕ್ಕಿಂತ ಕಷ್ಟದ್ದು ಆರಿಸುವುದು. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿದರೆ ಶಿರಾಡಿ ಘಾಟಿ. ಏಳು ಜನ, ತಲೆ ಮೇಲೆ ಲಗೇಜು, ಎರಡನೇ ಗೇರು, ಮೂರನೇ ಗೇರು, ಕಾಲು ಒತ್ತಿಯೇ ಇರಬೇಕು. ಅಂಥ ಎಳೆತದಲ್ಲಿ ಟರ್ಬೊಗೆ ಬಡಿಯುವ ಹೊಗೆ 700 ಡಿಗ್ರಿ ದಾಟಬಹುದು. ಪೆಟ್ರೋಲು ಇಂಜಿನ್ನಾದರೆ ಇನ್ನೂ ಹೆಚ್ಚು. ಕತ್ತಲಲ್ಲಿ ನೋಡಿದರೆ ಕಬ್ಬಿಣ ಕೆಂಪಗೆ ಕಾಣುವ ಕಾವು ಅದು. ಘಾಟಿ ಮುಗಿಯುತ್ತಿದ್ದ ಹಾಗೆ ಸಕಲೇಶಪುರದ ಕಡೆ ಹೋಟೆಲಿನ ಮುಂದೆ ನಿಲ್ಲಿಸು ಅಂತಾರೆ. ನಿಲ್ಲಿಸಿದ ತಕ್ಷಣ, “ಆಫ್ ಮಾಡೋ, ಡೀಸೆಲ್ಲೇನು ನಿಮ್ಮಪ್ಪಂದಾ?”

ಆಫ್ ಮಾಡಿದರೆ ಏನಾಗುತ್ತೆ? ಪಂಪು ನಿಂತಿತು. ಆಯಿಲ್ಲು ನಿಂತಿತು. ಷಾಫ್ಟು ಇನ್ನೂ ತಿರುಗುತ್ತಲೇ ಇರುತ್ತೆ. ಹೊಗೆ ಕಡೆಯ ಕಬ್ಬಿಣದ ಕಾವೆಲ್ಲ ನಡುವಿನ ಬೇರಿಂಗಿಗೆ ಇಳಿಯುತ್ತೆ. ಅಲ್ಲಿ ಸಿಕ್ಕಿಕೊಂಡ ಆಯಿಲ್ಲು ಹೆಂಚಿನ ಮೇಲಿನ ಎಣ್ಣೆ ಸೀದ ಹಾಗೆ ಸೀಯುತ್ತೆ. ಒಂದು ದಿನಕ್ಕೆ ಗೊತ್ತಾಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಕರಿ ಕಟ್ಟಿ ಆಯಿಲ್ಲಿನ ದಾರಿ ಮುಚ್ಚುತ್ತೆ. ಬೇರಿಂಗು ಸವೆಯುತ್ತೆ. ಮೊದಲು ಸೀಟಿ ಹೊಡೆದ ಹಾಗೆ ಸದ್ದು, ಆಮೇಲೆ ನೀಲಿ ಹೊಗೆ, ಆಮೇಲೆ ಪಿಕಪ್ ಇಲ್ಲ. ಸೀಲು ಹೋಗಿ ಆಯಿಲ್ಲು ಗಾಳಿಯ ದಾರಿಗೆ ನುಗ್ಗಿದರೆ ಡೀಸೆಲ್ ಇಂಜಿನ್ನು ಆ ಆಯಿಲ್ಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಹುಚ್ಚೆದ್ದು ಓಡುವುದೂ ಉಂಟು.

ಇದಕ್ಕೆಲ್ಲ ಔಷಧ ಒಂದೆರಡು ನಿಮಿಷ. ಕಾಲು ತೆಗೆದು ಇಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರೆ ಬರುವ ಹೊಗೆ ತಣ್ಣಗಿರುತ್ತೆ, ಆಯಿಲ್ಲೂ ನೀರೂ ಹರಿದು ಕಾವನ್ನು ಹೊತ್ತುಕೊಂಡು ಹೋಗುತ್ತವೆ. ಅದಕ್ಕೂ ಒಳ್ಳೆಯದು ನಿಲ್ಲಿಸುವ ಮುಂಚಿನ ಒಂದೆರಡು ಕಿಲೋಮೀಟರು ಮೆಲ್ಲಗೆ ಬರುವುದು. ಊರೊಳಗೆ ಆಮೆ ಹಾಗೆ ತೆವಳಿ ಬಂದ ಗಾಡಿಗೆ ಇದು ಬೇಡ. ಹೊಸ ಗಾಡಿಗಳಲ್ಲಿ ಟರ್ಬೊದ ಸುತ್ತ ನೀರು ಹರಿಸಿದ್ದಾರೆ. ಕೆಲವಕ್ಕೆ ಕೀ ತೆಗೆದ ಮೇಲೂ ಓಡುವ ಕರೆಂಟಿನ ನೀರುಪಂಪು ಇದೆ. ಆಯಿಲ್ಲೂ ಸುಧಾರಿಸಿದೆ. ಹಾಗಂತ ಘಾಟಿಯ ಕಾವು ಕಡಿಮೆಯಾಗಿಲ್ಲ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನು ಓದಬೇಕು. ಅದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಬಿದ್ದಿರುತ್ತೆ. ಧಣಿಗೆ ಪುರುಸೊತ್ತಿಲ್ಲ, ನಮ್ಮಲ್ಲಿ ಬಹಳ ಜನಕ್ಕೆ ಅದರ ಇಂಗ್ಲಿಷು ದಕ್ಕುವುದಿಲ್ಲ.

ನಮ್ಮೊಳಗೊಬ್ಬ ಹನ್ನೊಂದು ವರ್ಷ ಒಂದೇ ಮನೆಯ ಗಾಡಿ ಓಡಿಸಿದ. “ಎರಡು ನಿಮಿಷ ಆರಲಿ ಸಾರ್” ಅಂತ ಎಷ್ಟೋ ಸಲ ಅಂದ. ಎಷ್ಟೋ ಸಲ ಬೈಸಿಕೊಂಡ. ಟರ್ಬೊ ಹೋಯಿತು. ಗ್ಯಾರೇಜಿನ ಭಾಯಿ ಅದನ್ನು ಬಿಚ್ಚಿ, ಸೀದ ಕರಿಯನ್ನು ಉಗುರಿನಿಂದ ಕೆರೆದು ಅಂಗೈ ಮೇಲಿಟ್ಟು, “ಬಿಸಿ ಬಿಸೀನೇ ಆಫ್ ಮಾಡಿದ್ದಾರೆ” ಅಂದ. ಧಣಿ ನಮ್ಮವನ ಕಡೆ ತಿರುಗಿ ಅಂದದ್ದು, “ನಿಮ್ಮಂಥೋರ ಕೈಗೆ ಒಳ್ಳೇ ಗಾಡಿ ಕೊಟ್ಟದ್ದೇ ತಪ್ಪು.” ನಿಮ್ಮಂಥೋರು ಅಂದರೆ ಎಂಥೋರು ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ಆರು ತಿಂಗಳು ಸಂಬಳದಲ್ಲಿ ಹಿಡಿದರು. ಆ ಆರು ತಿಂಗಳಲ್ಲಿ ಅವನ ಮಗಳ ಟ್ಯೂಶನ್ನು ನಿಂತಿತು.

ಹೊಸ ಟರ್ಬೊ ಹಾಕಿಸಿದ ಮೇಲೆ ಧಣಿ ತಾನೇ ಗಡಿಯಾರ ನೋಡಿ ಎರಡು ನಿಮಿಷ ಕೊಡುತ್ತಾನೆ. ದುಡ್ಡು ಕಲಿಸಿದ ಪಾಠ. ಆದರೆ ಅದೇ ಘಾಟಿಯನ್ನು ಅದೇ ಹೊತ್ತಿನಲ್ಲಿ ಹತ್ತಿದ ಇನ್ನೊಂದು ಯಂತ್ರ ಸ್ಟೀರಿಂಗಿನ ಹಿಂದೆ ಕೂತಿದೆ. ಅದರ ಸೊಂಟ, ಅದರ ಕಣ್ಣು, ಅದರ ಉಚ್ಚೆಯ ಚೀಲ, ಇವಕ್ಕೆ ಎಷ್ಟು ನಿಮಿಷ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು. 5 ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು ಅಂದಿತ್ತು. ಐದು ಜನ ಆಳಿಲ್ಲದ ಕಡೆ ಅದು ತಾನಾಗಿ ಲಾಗೂ ಆಗುತ್ತಿರಲಿಲ್ಲ. ಒಬ್ಬ ಧಣಿ, ಒಬ್ಬ ಡ್ರೈವರು ಇರುವ ಮನೆಯ ಬಾಗಿಲಿಗೆ ಅದು ಬರಲೇ ಇಲ್ಲ. 2020ರಲ್ಲಿ ಪಾರ್ಲಿಮೆಂಟು ಹೊಸ ಸಂಹಿತೆ ಪಾಸು ಮಾಡಿ ಅದನ್ನೂ ಒಳಗೆ ಸೇರಿಸಿತು. ಕಾಗದ ಬದಲಾಯಿತು. ರಾತ್ರಿ ಲಾಡ್ಜಿನ ಮುಂದೆ ಸೀಟು ಹಿಂದಕ್ಕೆ ಮಾಡಿಕೊಂಡು ಸೊಳ್ಳೆ ಹೊಡೆಯುತ್ತಾ ಮಲಗುವವರು ಈಗಲೂ ನಾವೇ.

ಯಂತ್ರಕ್ಕೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಅಂತ ನಾವು ಕೇಳುತ್ತಿಲ್ಲ. ಯಂತ್ರ ನಮ್ಮ ಜೊತೆಗಾರ. ನಮ್ಮ ಅನ್ನ ಅದರೊಳಗಿದೆ. ನಾವು ಕೇಳುವುದು ಇಷ್ಟೇ: ಕಬ್ಬಿಣಕ್ಕೆ ಹದ ಉಂಟು ಅಂತ ಒಪ್ಪಿಕೊಂಡ ಮೇಲೆ ಮೈಗೂ ಹದ ಉಂಟು ಅಂತ ಒಪ್ಪಿಕೊಳ್ಳಬೇಕು. ಇಂಜಿನ್ನಿನ ಸದ್ದು ಕೇಳಿ ಮಾತಾಡುವವನ ಮಾತನ್ನು ಇಂಜಿನಿಯರನ ಮಾತಿನ ಹಾಗೆ ಕೇಳಬೇಕು. ಸ್ಟ್ಯಾಂಡಿನ ಹುಡುಗರಿಗೆ ನಾವು ಈಗ ಹೇಳಿಕೊಡುತ್ತಿರುವುದೂ ಇದನ್ನೇ. ಘಾಟಿ ಹತ್ತಿ ಬಂದರೆ ಕೀಗೆ ಕೈ ಹಾಕಬೇಡ, ಯಾರು ಕೂಗಿದರೂ ಸರಿ. ಎರಡು ನಿಮಿಷ ಆದ ಮೇಲೆ ಆಫ್ ಮಾಡು. ಆಮೇಲೆ ಬಾಗಿಲು ತೆಗೆದು ಇಳಿ. ಮುಖ ತೊಳಕೊ. ನೀನೂ ಒಳಗೆ ಹೋಗಿ ಕುರ್ಚಿ ಎಳೆದು ಕೂತು ಕಾಫಿ ಕುಡಿ.