ಯಂತ್ರ ಮೊದಲೋ, ವಿದ್ಯೆ ಮೊದಲೋ

ಕಳೆದ ವರ್ಷದ ಜೂನ್ ತಿಂಗಳು. ಚಿಂಚವಾಡದ ನಮ್ಮ ಮನೆಯ ಗ್ಯಾಲರಿಗೆ ಮುಂಗಾರಿನ ಮೊದಲ ಎರಚಲು ಬೀಳುತ್ತಿದ್ದ ಹೊತ್ತಿಗೆ ಊಟದ ಮೇಜಿನ ಮೇಲೆ ಆರಂಭವಾದ ವಾದವೊಂದು ಮೂರು ವಾರ ನಡೆಯಿತು. ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರುವುದು ನಿಶ್ಚಯವಾಗಿತ್ತು. ತರಗತಿಗಳು ಆರಂಭವಾಗುವ ಮೊದಲೇ ಕ್ಯಾಡ್, ಎಂದರೆ ಗಣಕದ ನೆರವಿನಿಂದ ವಿನ್ಯಾಸ ಮಾಡುವ ವಿದ್ಯೆಯನ್ನು ಕಲಿಯಲು ತೊಡಗಬೇಕೆಂಬುದು ಅವಳ ಹಂಬಲ. ಅದಕ್ಕೆ ಯಾವ ಕಂಪ್ಯೂಟರ್ ಕೊಳ್ಳಬೇಕು ಎಂಬುದೇ ವಾದದ ವಿಷಯ. ಅವಳ ಮನಸ್ಸು ಆ್ಯಪಲ್‌ನ ಮ್ಯಾಕ್‌ಬುಕ್ಕಿನ ಮೇಲಿತ್ತು. ಹೈದರಾಬಾದಿನ ಸೋದರಳಿಯ ದೂರವಾಣಿಯಲ್ಲಿ ಲಿನಕ್ಸ್‌ನ ಗುಣಗಾನ ಮಾಡಿದ. ಅಂಗಡಿಯವರು ಕೀಲಿಮಣೆಯ ಅಡಿಯಲ್ಲಿ ಬಣ್ಣಬಣ್ಣದ ದೀಪ ಉರಿಯುವ ಗೇಮಿಂಗ್ ಲ್ಯಾಪ್‌ಟಾಪ್ ಒಂದನ್ನು ಮುಂದಿಟ್ಟರು. ನಮ್ಮಲ್ಲಿದ್ದುದು ಎರಡು ವರ್ಷ ತಿಂಗಳು ತಿಂಗಳು ಕೂಡಿಸಿದ 80,000 ರೂಪಾಯಿ. ಒಮ್ಮೆ ತಪ್ಪಿದರೆ ಪದವಿ ಮುಗಿಯುವವರೆಗೆ ಇನ್ನೊಂದು ಕೊಳ್ಳುವ ಮಾತೇ ಇರಲಿಲ್ಲ.

ಅನಂತರ ನಮ್ಮ ಬಳಗದ ಎರಡು ಮೂರು ಮನೆಗಳಿಂದ ಇದೇ ಪ್ರಶ್ನೆ ಬಂದಿತು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಡೋಣವೆಂದು ಕುಳಿತಿದ್ದೇವೆ.

ನಮ್ಮಿಬ್ಬರಲ್ಲಿ ಒಬ್ಬರು ಶಾಲೆಯಲ್ಲಿ ಗಣಿತ ಕಲಿಸುವವರು. ಇನ್ನೊಬ್ಬರು ಹುಬ್ಬಳ್ಳಿಯ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ತರಬೇತಿ ಮುಗಿಸಿ 1991ರಲ್ಲಿ ಭೋಸರಿಯ ಸಣ್ಣ ಕಾರ್ಖಾನೆಯೊಂದಕ್ಕೆ ಬಂದು ಸೇರಿದವರು. ಆಗ ಕೆಲಸವೆಂದರೆ ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಮಸಿಯ ಪೆನ್ನು, ಟ್ರೇಸಿಂಗ್ ಹಾಳೆ. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಹೆರೆದು ಅಳಿಸಬೇಕು. ಪ್ರತಿಗಳನ್ನು ತೆಗೆಯುವ ಕೋಣೆಯ ಅಮೋನಿಯಾ ವಾಸನೆ ಸಂಜೆ ಮನೆಗೆ ಬಂದರೂ ಅಂಗಿಯಲ್ಲಿ ಉಳಿದಿರುತ್ತಿತ್ತು.

1994ರಲ್ಲಿ ಆ ಕಾರ್ಖಾನೆಯ ಮಾಲೀಕರು ಒಂದು ಕಂಪ್ಯೂಟರ್ ತರಿಸಿದರು. ಆಟೋಕ್ಯಾಡ್‌ನ 12ನೆಯ ಆವೃತ್ತಿಯನ್ನು ಅದರಲ್ಲಿ ಹಾಕಿಸಬೇಕೆಂಬುದು ಯೋಜನೆ. ಪೂಜೆಯಾಯಿತು, ಪೇಢೆ ಹಂಚಿದ್ದಾಯಿತು. ತಂತ್ರಾಂಶ ಮಾತ್ರ ಏಳಲೊಲ್ಲದು. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಡಾಸ್‌ನಲ್ಲಿ ಓಡುತ್ತಿದ್ದ ಆ ಆವೃತ್ತಿಗೆ ದಶಾಂಶದ ಲೆಕ್ಕ ಮಾಡುವ ಮ್ಯಾಥ್ ಕೋಪ್ರೊಸೆಸರ್ ಇರಲೇಬೇಕಿತ್ತು. 486 ಚಿಪ್ಪಿನಲ್ಲಿ ಡಿಎಕ್ಸ್ ಮತ್ತು ಎಸ್‌ಎಕ್ಸ್ ಎಂಬ ಎರಡು ಬಗೆ. ಡಿಎಕ್ಸ್‌ನಲ್ಲಿ ಅದು ಒಳಗೇ ಇರುತ್ತಿತ್ತು, ಎಸ್‌ಎಕ್ಸ್‌ನಲ್ಲಿ ಇಲ್ಲ. ಮಾಲೀಕರು ಕೆಲವು ಸಾವಿರ ಉಳಿಯಿತೆಂದು ಕೊಂಡದ್ದು ಎಸ್‌ಎಕ್ಸ್. ಉಳಿಸಿದ್ದಕ್ಕಿಂತ ಹೆಚ್ಚು ತೆತ್ತು ಅದನ್ನು ಸರಿಪಡಿಸಬೇಕಾಯಿತು. ಯಂತ್ರವನ್ನು ಆರಿಸುವ ಮುನ್ನ ಯಂತ್ರವನ್ನಲ್ಲ, ಅದರಲ್ಲಿ ಓಡಬೇಕಾದ ತಂತ್ರಾಂಶವನ್ನು ವಿಚಾರಿಸಬೇಕು ಎಂಬ ಪಾಠವನ್ನು ನಮ್ಮ ಮನೆ ಕಲಿತದ್ದು ಹೀಗೆ, ಇನ್ನೊಬ್ಬರ ಖರ್ಚಿನಲ್ಲಿ.

ಎರಡನೆಯ ಪಾಠ 1997ರಲ್ಲಿ ಬಂದಿತು. 14ನೆಯ ಆವೃತ್ತಿ ಹೊರಬಂದಾಗ ಆಟೋಕ್ಯಾಡ್ ಡಾಸ್ ಮತ್ತು ಯುನಿಕ್ಸ್ ಎರಡನ್ನೂ ಬಿಟ್ಟು ವಿಂಡೋಸ್ ಒಂದರಲ್ಲೇ ನೆಲೆಸಿತು. ಮ್ಯಾಕ್ ಯಂತ್ರಗಳನ್ನು ಅದಕ್ಕೂ ಮೊದಲೇ ಬಿಟ್ಟಿತ್ತು. ಅಲ್ಲಿಗೆ ಮರಳಿದ್ದು 2010ರಲ್ಲಿ. ಯುನಿಕ್ಸ್ ವರ್ಕ್‌ಸ್ಟೇಷನ್ ಮೇಲೆ ಕೈ ಪಳಗಿಸಿಕೊಂಡಿದ್ದ ಬಾಗಲಕೋಟೆಯ ಗೆಳೆಯರೊಬ್ಬರು ಅಂದು ಬಹಳ ನೊಂದುಕೊಂಡರು. ಕಲಿತ ವಿದ್ಯೆ ಕಾಲಡಿಯ ನೆಲದಂತೆ ಜಾರಿಹೋಯಿತೆಂದು ಅವರ ಅಳಲು. ಆದರೆ ಮೂರು ವಾರ ಕಳೆಯುವುದರೊಳಗೆ ಅವರು ಹೊಸ ಯಂತ್ರದ ಮೇಲೆ ಉಳಿದವರಿಗಿಂತ ಮುಂದಿದ್ದರು. ಗೆರೆಗೆ ಎಲ್, ವೃತ್ತಕ್ಕೆ ಸಿ, ಅಳಿಸಲು ಇ ಎಂದು ಕೀಲಿ ಒತ್ತುವ ರೂಢಿ ಹೊಸ ಯಂತ್ರದಲ್ಲೂ ನಡೆಯಿತು, ಇಂದಿಗೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ನಕ್ಷೆ ಓದಲು ಬರುತ್ತಿತ್ತು.

ನಕ್ಷೆ ಓದುವುದೆಂದರೆ ಏನೆಂಬುದನ್ನು ಅದೇ ಕಾರ್ಖಾನೆ ಮತ್ತೊಮ್ಮೆ ತೋರಿಸಿತು. ನಮ್ಮ ದೇಶದಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ನಕ್ಷೆ ಬರೆಯುತ್ತೇವೆ: ವಸ್ತುವನ್ನು ಎಡದಿಂದ ನೋಡಿದ ಚಿತ್ರ ಬಲಕ್ಕೆ ಬರುತ್ತದೆ. ಅಮೆರಿಕದವರದು ಥರ್ಡ್ ಆ್ಯಂಗಲ್: ಎಡದಿಂದ ಕಂಡದ್ದು ಎಡಕ್ಕೇ. ಹೊರದೇಶದಿಂದ ಬಂದ ನಕ್ಷೆಯೊಂದರ ಮೂಲೆಯಲ್ಲಿದ್ದ ಸಣ್ಣ ಗುರುತನ್ನು ಯಾರೋ ಗಮನಿಸಲಿಲ್ಲ. 40 ಬ್ರಾಕೆಟ್‌ಗಳು ಕನ್ನಡಿಯೊಳಗಿನ ಪ್ರತಿಬಿಂಬದಂತೆ ತಿರುವುಮುರುವಾಗಿ ತಯಾರಾಗಿ ಗುಜರಿಗೆ ಹೋದವು. ಕಂಪ್ಯೂಟರ್ ಅವನ್ನು ಅತ್ಯಂತ ನಿಖರವಾಗಿಯೇ ಬರೆದಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂದು ನೆಲವನ್ನು ದೂರುವ ಅವಕಾಶವೂ ನಮಗಿರಲಿಲ್ಲ.

ಈ ಹಿನ್ನೆಲೆಯಿದ್ದುದರಿಂದ ಮಗಳ ಮುಂದೆ ಒಂದು ಹಾಳೆ ಇಟ್ಟು, ಕಂಪ್ಯೂಟರಿನ ಹೆಸರು ಬರೆಯಬೇಡ, ಏನು ಕಲಿಯಬೇಕೆಂಬುದನ್ನು ಬರೆ ಎಂದೆವು. ಅವಳು ಕಾಲೇಜಿನ ಪಠ್ಯಕ್ರಮವನ್ನು ನೋಡಿದಳು. ನಮ್ಮ ರಸ್ತೆಯ ತರಬೇತಿ ಕೇಂದ್ರಗಳ ಫಲಕಗಳನ್ನು ಓದಿಕೊಂಡು ಬಂದಳು. ಪಟ್ಟಿಯಲ್ಲಿ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಕ್ರಿಯೋ, ಫ್ಯೂಷನ್ ಇದ್ದವು. ಸೋದರಳಿಯನ ಒತ್ತಾಯದಿಂದ ಫ್ರೀಕ್ಯಾಡ್ ಕೂಡ ಸೇರಿತು. ಪ್ರತಿಯೊಂದರ ಎದುರಿಗೂ ಅದು ಯಾವ ವೇದಿಕೆಯಲ್ಲಿ ಓಡುತ್ತದೆಂದು ಬರೆಯುತ್ತ ಹೋದಂತೆ ಮೂರು ವಾರದ ವಾದ ಅರ್ಧ ಗಂಟೆಯಲ್ಲಿ ತಣ್ಣಗಾಯಿತು.

ಸಾಲಿಡ್‌ವರ್ಕ್ಸ್ 1995ರಲ್ಲಿ ಹುಟ್ಟಿದ್ದೇ ವಿಂಡೋಸ್‌ಗಾಗಿ. ಇಂದಿಗೂ ಅದರ ಮೂಲ ರೂಪ ಅಲ್ಲಿ ಮಾತ್ರ. ಒಂದು ಕಾಲಕ್ಕೆ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಲ್ಲಿ ಮೆರೆದ ಕ್ಯಾಟಿಯಾ ಈಗ ವಿಂಡೋಸ್ ಮನೆಯ ಸೊಸೆ. ಕ್ರಿಯೋ ಕೂಡ ಅಲ್ಲಿಯದೇ. ಆಟೋಕ್ಯಾಡ್ ಮತ್ತು ಫ್ಯೂಷನ್ ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತವೆ. ಆದರೆ ಮ್ಯಾಕ್‌ನ ಆಟೋಕ್ಯಾಡ್‌ನಲ್ಲಿ ವಿಂಡೋಸ್ ಆವೃತ್ತಿಯ ಎಲ್ಲ ಸೌಲಭ್ಯಗಳೂ ಇಲ್ಲ. ಫ್ರೀಕ್ಯಾಡ್ ಮಾತ್ರ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಒಗ್ಗಿಕೊಂಡದ್ದು. ಹಣ ಕೊಡಬೇಕಾಗಿಲ್ಲ, ಅವಧಿಯ ಅಂಜಿಕೆಯಿಲ್ಲ. 2002ರಲ್ಲಿ ಆರಂಭವಾದ ಆ ಕೆಲಸ 1.0 ಎಂಬ ಸಂಖ್ಯೆ ತಲುಪಿದ್ದು 2024ರ ನವೆಂಬರ್‌ನಲ್ಲಿ. ಆ ತಾಳ್ಮೆಗೆ ನಾವು ತಲೆಬಾಗಿದೆವು.

ಮಗಳು ಸುಲಭವಾಗಿ ಸೋಲೊಪ್ಪಲಿಲ್ಲ. ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಳ್ಳಬಹುದಲ್ಲ ಎಂದಳು. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳ ಕಾಲದಲ್ಲಿ ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ಅದು ಸರಾಗವಾಗಿ ಆಗುತ್ತಿತ್ತು. 2020ರಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ಪಿಗೆ ಹೊರಳಿದ ಮೇಲೆ ಆ ಬಾಗಿಲು ಮುಚ್ಚಿತು. ಯಂತ್ರದೊಳಗೊಂದು ಕಲ್ಪಿತ ಯಂತ್ರವನ್ನು ನಿಲ್ಲಿಸಿ, ಅದರಲ್ಲಿ ಆ ಚಿಪ್ಪಿಗೆ ಹೊಂದುವ ಬೇರೊಂದು ಬಗೆಯ ವಿಂಡೋಸ್ ಓಡಿಸಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ನೆಚ್ಚಿಕೊಳ್ಳುವುದು ಬಾಡಿಗೆ ಎತ್ತು ಕಟ್ಟಿ ಬಿತ್ತನೆಗೆ ಹೊರಟಂತೆ. ಹಾಗಾದರೆ ಬ್ರೌಸರಿನಲ್ಲೇ ಓಡುವ ಆನ್‌ಶೇಪ್ ಇದೆಯಲ್ಲ ಎಂದಳು. ಅದೂ ನಿಜ. ಸಾಲಿಡ್‌ವರ್ಕ್ಸ್ ಸ್ಥಾಪಕರಾದ ಜಾನ್ ಹರ್ಷ್‌ಟಿಕ್ ಅವರೇ ಸಂಗಡಿಗರೊಂದಿಗೆ 2015ರಲ್ಲಿ ಹೊರತಂದದ್ದು ಅದು. ಯಾವ ವೇದಿಕೆಯೆಂಬ ಪ್ರಶ್ನೆಯನ್ನೇ ಅದು ಅಳಿಸಿಹಾಕುತ್ತದೆ. ಆದರೆ ಉಚಿತ ಯೋಜನೆಯಲ್ಲಿ ಬರೆದದ್ದೆಲ್ಲ ಎಲ್ಲರಿಗೂ ತೆರೆದಿರುತ್ತದೆ; ಅಂತರ್ಜಾಲ ನಿಂತರೆ ಕೆಲಸವೂ ನಿಲ್ಲುತ್ತದೆ. ನಮ್ಮ ಬಡಾವಣೆಯಲ್ಲಿ ಜುಲೈ ಮಳೆಗೆ ಯಾವುದು ಮೊದಲು ಹೋಗುತ್ತದೆ, ವಿದ್ಯುತ್ತೋ ಅಂತರ್ಜಾಲವೋ ಎಂಬುದು ಪ್ರತಿವರ್ಷದ ಪಂದ್ಯ.

ಕೊನೆಗೆ ವಿಂಡೋಸ್ ಲ್ಯಾಪ್‌ಟಾಪ್ ಎಂದು ತೀರ್ಮಾನವಾಯಿತು. ಅದು ಎಲ್ಲಕ್ಕಿಂತ ಶ್ರೇಷ್ಠವೆಂದಲ್ಲ. ಅವಳ ಪಟ್ಟಿಯಲ್ಲಿದ್ದವೆಲ್ಲ ಅಲ್ಲಿ ಓಡುತ್ತವೆ, ಸಹಪಾಠಿಗಳೂ ಅಧ್ಯಾಪಕರೂ ಅಲ್ಲೇ ಇರುತ್ತಾರೆ ಎಂದು. ವಾಸ್ತುಶಿಲ್ಪ ಓದುವವರ ಪಟ್ಟಿ ಬೇರೆ, ಆಭರಣ ವಿನ್ಯಾಸ ಕಲಿಯುವವರದು ಬೇರೆ. ಅವರ ಹಾಳೆ ಅವರೇ ಬರೆದುಕೊಳ್ಳಬೇಕು. ನಾವು ಉಳಿದ ಲೆಕ್ಕ ಹೀಗೆ ಹಾಕಿದೆವು: 3ಡಿ ಮಾದರಿ ಕಟ್ಟುವ ಲೆಕ್ಕಾಚಾರ ಬಹುಪಾಲು ಒಂದರ ಬೆನ್ನಿಗೊಂದು ನಡೆಯುವಂಥದು, ಹತ್ತಾರು ಕೋರ್‌ಗಳಿಗಿಂತ ಒಂದೊಂದು ಕೋರಿನ ವೇಗವೇ ಮುಖ್ಯ. 16 ಜಿಬಿ ರ್‍ಯಾಮ್, ಮುಂದೆ ಹೆಚ್ಚಿಸಲು ಒಂದು ಖಾಲಿ ಜಾಗ, 512 ಜಿಬಿ ಎಸ್‌ಎಸ್‌ಡಿ, ಸಾಧಾರಣವಾದರೂ ಪ್ರತ್ಯೇಕವಾದ ಗ್ರಾಫಿಕ್ಸ್ ಚಿಪ್. ಬಣ್ಣದ ದೀಪಗಳಿಗೆ ಕೊಡಬೇಕಿದ್ದ ಹಣದಲ್ಲಿ ದೊಡ್ಡದೊಂದು ಹೊರಪರದೆ ಮತ್ತು ನಡುವೆ ಚಕ್ರವಿರುವ ಮೌಸ್ ಬಂದವು. ಮಾದರಿಯನ್ನು ತಿರುಗಿಸಿ ನೋಡುವುದು ಬಹುತೇಕ ಆ ನಡುಗುಂಡಿಯಿಂದಲೇ. ಟಚ್‌ಪ್ಯಾಡಿನ ಮೇಲೆ ಬೆರಳುಜ್ಜುತ್ತ ಕ್ಯಾಡ್ ಕಲಿಯಲು ಹೊರಟವರು ವಾರದೊಳಗೆ ವಿದ್ಯೆಯನ್ನೇ ದ್ವೇಷಿಸತೊಡಗುತ್ತಾರೆ. ಕೈಗೆ ಹಣ ಸಾಲದವರಿಗೆ ಕಚೇರಿಗಳಲ್ಲಿ ಬಳಸಿಬಿಟ್ಟ ಹಳೆಯ ವರ್ಕ್‌ಸ್ಟೇಷನ್‌ಗಳೂ ಒಳ್ಳೆಯ ದಾರಿಯೇ. ವಿಂಡೋಸ್ 11 ಅದರಲ್ಲಿ ನಡೆಯುತ್ತದೆಯೇ ಎಂಬುದನ್ನು ಮಾತ್ರ ಹಣ ಕೊಡುವ ಮುನ್ನ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ಗಣಿತದವರು ಒಂದು ಪ್ರಶ್ನೆ ಎತ್ತಿದರು. ವಿದ್ಯಾರ್ಥಿಗಳಿಗೆ ಈ ತಂತ್ರಾಂಶಗಳಲ್ಲಿ ಕೆಲವು ಉಚಿತವಾಗಿ ಸಿಗುತ್ತವೆ, ಸರಿ. ಓದು ಮುಗಿದ ಮರುದಿನ ಪರವಾನಗಿಯೂ ಮುಗಿದರೆ ನಾಲ್ಕು ವರ್ಷ ಬರೆದದ್ದನ್ನು ತೆರೆಯುವುದು ಹೇಗೆ?

ಡ್ರಾಫ್ಟ್ಸ್‌ಮನ್ ಆಗಿದ್ದವರು ಎದ್ದು ಅಟ್ಟದಿಂದ ಎರಡು ವಸ್ತುಗಳನ್ನು ಇಳಿಸಿದರು. ಒಂದು, 90ರ ದಶಕದ ಫ್ಲಾಪಿಗಳ ಪೆಟ್ಟಿಗೆ. ಇನ್ನೊಂದು, 1992ರಲ್ಲಿ ಕೈಯಿಂದ ಬರೆದ ಬ್ರಾಕೆಟ್ ನಕ್ಷೆಯ ಟ್ರೇಸಿಂಗ್ ಸುರುಳಿ. ಫ್ಲಾಪಿಗಳೊಳಗಿನ ಆಟೋಕ್ಯಾಡ್ ಕಡತಗಳನ್ನು ಇಂದಿನ ಆವೃತ್ತಿಯೂ ಓದಬಲ್ಲದು; ಆದರೆ ಬೂಸಲು ಹಿಡಿದ ಆ ಫ್ಲಾಪಿಗಳನ್ನು ಓದುವ ಯಂತ್ರ ನಮಗೆ ಸಿಗಲಿಲ್ಲ. ಸುರುಳಿಯನ್ನು ಬಿಚ್ಚಿದರೆ ಗೆರೆಗಳು ನಿನ್ನೆ ಬರೆದಂತಿದ್ದವು. ಅಂದು ಮನೆಯಲ್ಲೊಂದು ನಿಯಮವಾಯಿತು: ಯಾವ ತಂತ್ರಾಂಶದಲ್ಲಿ ಮಾಡಿದರೂ ಮುಗಿದ ಮಾದರಿಯ ಪ್ರತಿಯೊಂದನ್ನು ಸ್ಟೆಪ್ ಎಂಬ ಸಾರ್ವತ್ರಿಕ ರೂಪದಲ್ಲೂ, ನಕ್ಷೆಯನ್ನು ಪಿಡಿಎಫ್ ರೂಪದಲ್ಲೂ ಉಳಿಸಬೇಕು, ಅವು ಎರಡು ಕಡೆ ಇರಬೇಕು. ಫ್ರೀಕ್ಯಾಡ್‌ನ್ನೂ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಬೇಕು. ಸೋದರಳಿಯನಿಗೂ ಸಮಾಧಾನವಾಯಿತು.

ಹೊಸ ಲ್ಯಾಪ್‌ಟಾಪ್ ಬಂದ ಮೊದಲ ಭಾನುವಾರ ಮಗಳು ಆ ಹಳೆಯ ನಕ್ಷೆಯನ್ನೇ ಮುಂದಿಟ್ಟುಕೊಂಡು ಫ್ರೀಕ್ಯಾಡ್‌ನಲ್ಲಿ ಮಾದರಿ ಕಟ್ಟಲು ಕುಳಿತಳು. ಗೆರೆಗಳ ಅಳತೆಯೆಲ್ಲ ಪೂರ್ತಿಯಾಗಿ ಗೊತ್ತಾದಾಗ ಅದರಲ್ಲಿ ಗೆರೆಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಅವಳ ಗೆರೆಗಳು ತಿರುಗಲಿಲ್ಲ. ಒಂದು ಅಳತೆ ಎಲ್ಲೋ ಸಡಿಲವಾಗಿದೆಯೆಂದು ತಂತ್ರಾಂಶ ಹೇಳುತ್ತಲೇ ಇತ್ತು. ಒಂದು ಗಂಟೆ ತನ್ನದೇ ತಪ್ಪೆಂದು ಹುಡುಕಿದಳು. ಆಮೇಲೆ ಮೆಲ್ಲಗೆ, “ಅಪ್ಪಾ, ಈ ತೂತು ಗೋಡೆಯಿಂದ ಎಷ್ಟು ದೂರ? ನೀನು ಬರೆದೇ ಇಲ್ಲ” ಎಂದಳು.

ನಿಜವಾಗಿಯೂ ಬರೆದಿರಲಿಲ್ಲ. 33 ವರ್ಷ ಆ ಲೋಪ ಸುರುಳಿಯಲ್ಲಿ ಮಲಗಿತ್ತು. ಅಥಣಿ ಕಡೆಯ ಫಿಟ್ಟರ್ ಒಬ್ಬರು ಮೆಟ್ಟಿಲೇರಿ ಬಂದು ಕೇಳಿದ್ದು, ಬಾಯಲ್ಲೇ ಉತ್ತರ ಹೇಳಿದ್ದು ನೆನಪಾಯಿತು. ಹೇಳಿದ ಸಂಖ್ಯೆ ನೆನಪಾಗಲಿಲ್ಲ. ಮಗಳು ಸ್ಕೇಲು ಇಟ್ಟು ಅಳೆಯಲು ಹೊರಟಳು. ಹಾಳೆಯ ಮೂಲೆಯಲ್ಲಿ ಅದೇ ಕೈಬರಹ ತಡೆಯಿತು: ನಕ್ಷೆಯ ಮೇಲೆ ಅಳೆಯಬಾರದು. ಹಾಳೆ ಹಿಗ್ಗುತ್ತದೆ, ಕುಗ್ಗುತ್ತದೆ. ಬರೆದ ಸಂಖ್ಯೆಯೇ ಪ್ರಮಾಣ.

“ಹಾಗಾದರೆ ಏನು ಹಾಕಲಿ?”

“ಅಲ್ಲಿ ಬರುವ ಬೋಲ್ಟು ಯಾವುದು, ಅದನ್ನು ಬಿಗಿಯುವವನ ಕೈ ಎಲ್ಲಿ ಆಡಬೇಕು, ಯೋಚಿಸು.”

ಎಂ10 ಬೋಲ್ಟು. 17 ಮಿ.ಮೀ. ಸ್ಪ್ಯಾನರ್. ಅವಳು ಅಡುಗೆಮನೆಯ ಕಪಾಟಿನಿಂದ ಸ್ಪ್ಯಾನರ್ ತಂದು, ಅದರ ತಲೆಯ ಅಗಲ ಅಳೆದು, ಅರ್ಧ ಮಾಡಿ, ಗೋಡೆಗೆ ತಗುಲದಂತೆ ಸ್ವಲ್ಪ ಜಾಗ ಬಿಟ್ಟು, 22 ಎಂದು ಬರೆದಳು. ಗೆರೆಗಳು ಹಸಿರಾದವು.

ಆ ಲೆಕ್ಕವನ್ನು ಅವಳು ಯಾವ ಯಂತ್ರದ ಮುಂದೆ ಕುಳಿತಿದ್ದರೂ ಮಾಡಬಹುದಿತ್ತು. ಹಾಗೆಂದು ಯಂತ್ರದ ಆಯ್ಕೆಗೆ ಕಳೆದ ಮೂರು ವಾರ ವ್ಯರ್ಥವೆಂದು ನಮಗನ್ನಿಸುವುದಿಲ್ಲ. ತಂತ್ರಾಂಶ ತೆರೆದುಕೊಳ್ಳದೆ ಪೇಢೆಯ ಡಬ್ಬಿಯ ಮುಂದೆ ಪೆಚ್ಚಾಗಿ ನಿಂತ ಒಂದು ಕಾರ್ಖಾನೆಯನ್ನು ನಾವು ಕಂಡವರು. ಮಗಳು ಈಗ ಹಳೆಯ ಸುರುಳಿಯ ಮೇಲೆ ಪೆನ್ಸಿಲ್ಲಿನಿಂದ ಆ 22ನ್ನು ಬರೆದು, ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಮತ್ತು ದಿನಾಂಕ ಹಾಕಿದ್ದಾಳೆ. ತಿದ್ದುಪಡಿ ಮಾಡಿದವರು ಹಾಗೆ ಹಾಕುವುದು ನಕ್ಷೆಯ ನಿಯಮ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಳೆಯ ಮೂಲೆ ನೋಡಿ ಕಲಿತಳು.